ಸ್ಟರ್ನ್‌ಡ್ರೈವು ಮತ್ತು ಅದರ ಒಡೆಯ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರ ಭಾಗದಲ್ಲಿ, ವಿಸ್ಕಾನ್ಸಿನ್, ಮಿನೆಸೋಟ, ಮಿಷಿಗನ್ ಮೊದಲಾದ ಸರೋವರಬಹುಳವಾದ ರಾಜ್ಯಗಳಲ್ಲಿ, ಜಲವಿಹಾರದ ಋತು ಬಹು ಅಲ್ಪಾಯುವಾದದ್ದು. ಮೇ ತಿಂಗಳ ಕೊನೆಯ ಸೋಮವಾರ ಮೃತಯೋಧರ ಸ್ಮರಣದಿನದೊಡನೆ ಅದು ಆರಂಭವಾಗಿ, ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕರ ದಿನಾಚರಣೆಯೊಡನೆ ಮುಗಿದಂತೆಯೇ ಸರಿ. ಆಮೇಲೆ ನೀರು ಹೆಪ್ಪುಗಟ್ಟುವುದಕ್ಕೆ ಮೊದಲೇ ದೋಣಿಗಳನ್ನು ದಡಕ್ಕೆಳೆದು, ಎಂಜಿನಿನ ಒಡಲಲ್ಲಿ ನಿಂತ ನೀರನ್ನು ಬಸಿದು, ಹಿಂಬದಿಯ ಚಾಲಕಯಂತ್ರವನ್ನು ಕಳಚಿ ಪರೀಕ್ಷಿಸಿ, ಬರುವ ವಸಂತಕ್ಕೆಂದು ಎಲ್ಲವನ್ನೂ ಭದ್ರಪಡಿಸಬೇಕು. ಈ ಕಾರ್ಯವನ್ನು ತಾನೇ ಮಾಡಿಕೊಳ್ಳುವುದೋ, ಹಣ ತೆತ್ತು ವರ್ಕ್‌ಷಾಪಿನವರಿಂದ ಮಾಡಿಸುವುದೋ ಎಂಬ ಪ್ರಶ್ನೆ ಆ ನಾಡಿನ ಸಾಮಾನ್ಯ ಗೃಹಸ್ಥನನ್ನು ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರತಿ ಶರತ್ಕಾಲದಲ್ಲಿಯೂ ಕಾಡುತ್ತ ಬಂದಿದೆ. ಮೇಲುನೋಟಕ್ಕೆ ಇದು ಮಿತವ್ಯಯದ ಪ್ರಶ್ನೆಯೆಂದು ತೋರುವುದು ಸಹಜ. ಆದರೆ ಅದರ ಪೂರ್ವೋತ್ತರಗಳನ್ನು ಪರಿಶೀಲಿಸಿದಲ್ಲಿ, ಒಡೆಯನ ಕೆಲಸಕ್ಕೂ ವರ್ಕ್‌ಷಾಪಿನ ಕೆಲಸಕ್ಕೂ ನಡುವಣ ಮೇರೆಯನ್ನು ಗುರುತಿಸುವುದರಲ್ಲಿ ಹಣದ ಥೈಲಿಗಿಂತ ಹೆಚ್ಚಿನ ಪಾತ್ರ ವಹಿಸಿದವು ಮೂರು ಸಂಗತಿಗಳೆಂದು ತಿಳಿದುಬರುತ್ತದೆ: ಯಂತ್ರದ ಆಕೃತಿ, ಸರೋವರದ ಪಂಚಾಂಗ, ಮತ್ತು ಯಂತ್ರಜ್ಞಾನ ಯಾರ ವಶದಲ್ಲಿದೆ ಎಂಬುದು.

ಸ್ಟರ್ನ್‌ಡ್ರೈವು ಎರಡು ಪ್ರಾಚೀನತರ ಪದ್ಧತಿಗಳ ಸಂಯೋಗದಿಂದ ಜನಿಸಿದ ಯಂತ್ರ. ನಮ್ಮ ಮಲ್ಪೆಯ ಅಥವಾ ಮಂಗಳೂರಿನ ಬಂದರನ್ನು ಕಂಡವರಿಗೆ ಆ ಎರಡು ಪದ್ಧತಿಗಳೂ ಪರಿಚಿತವೇ. ದೊಡ್ಡ ಯಾಂತ್ರಿಕ ದೋಣಿಗಳಲ್ಲಿ ಡೀಸೆಲ್ ಎಂಜಿನು ದೋಣಿಯ ಒಡಲಿನಲ್ಲಿಯೇ ಕುಳಿತು, ತಳವನ್ನು ಭೇದಿಸಿಕೊಂಡು ಹೊರಬರುವ ನೇರವಾದ ಉಕ್ಕಿನ ದಂಡವೊಂದರಿಂದ ಪ್ರೊಪೆಲರನ್ನು ತಿರುಗಿಸುತ್ತದೆ; ಚಿಕ್ಕ ನಾಡದೋಣಿಗಳಲ್ಲಿ ಎಂಜಿನು, ಗೇರು, ಪ್ರೊಪೆಲರು ಎಲ್ಲವೂ ಒಂದೇ ಅಂಗವಾಗಿ ದೋಣಿಯ ಹಿಂಬದಿಗೆ ಹೊರಗಿನಿಂದ ತೂಗುಹಾಕಲ್ಪಟ್ಟಿರುತ್ತವೆ. ಮೊದಲನೆಯದು ಇನ್‌ಬೋರ್ಡ್, ಎರಡನೆಯದು ಔಟ್‌ಬೋರ್ಡ್. ಎಂಜಿನನ್ನು ಒಳಗಿರಿಸಿ, ಗೇರು ಪ್ರೊಪೆಲರುಗಳನ್ನು ಮಾತ್ರ ಹಿಂಬದಿಯ ಹಲಗೆಯ ಹೊರಗೆ ನಿಲ್ಲಿಸಿ, ಆ ಹೊರಗಿನ ಭಾಗವನ್ನು ಎಡಬಲಕ್ಕೆ ತಿರುಗಿಸುವಂತೆಯೂ ಮೇಲಕ್ಕೆತ್ತುವಂತೆಯೂ ಏರ್ಪಡಿಸಿದ ಮೂರನೆಯ ಪದ್ಧತಿಯೇ ಸ್ಟರ್ನ್‌ಡ್ರೈವು.

ಇನ್‌ಬೋರ್ಡಿನ ಕಾಲದಲ್ಲಿ ನಮ್ಮ ಪ್ರಶ್ನೆ ಹುಟ್ಟುವುದಕ್ಕೆ ಅವಕಾಶವೇ ಅಲ್ಪವಾಗಿದ್ದಿತು. ಎರಡನೆಯ ಮಹಾಯುದ್ಧಕ್ಕೆ ಮೊದಲು ಮಿಷಿಗನ್ನಿನ ಆಲ್ಗೊನಾಕ್ ಎಂಬ ನದೀತೀರದ ಊರಿನಲ್ಲಿ ಕ್ರಿಸ್ ಸ್ಮಿತ್ತನ ಕುಟುಂಬದವರು ಮಹೋಗನಿ ಮರದಿಂದ ನಿರ್ಮಿಸುತ್ತಿದ್ದ ಕ್ರಿಸ್‌ಕ್ರಾಫ್ಟ್ ದೋಣಿಗಳನ್ನು ಕೊಳ್ಳುತ್ತಿದ್ದವರು ಬಹುಮಟ್ಟಿಗೆ ಸ್ಥಿತಿವಂತರು. ದೋಣಿ ಬೇಸಗೆಯಲ್ಲಿ ದೋಣಿಮನೆಯಲ್ಲಿ, ಚಳಿಗಾಲದಲ್ಲಿ ದೋಣಿಕಟ್ಟೆಯ ಅಂಗಳದಲ್ಲಿ ವಾಸವಾಗಿದ್ದು, ಒಡೆಯನ ಮನೆಯ ಬಾಗಿಲಿಗೆ ಎಂದೂ ಬರುತ್ತಿರಲಿಲ್ಲ. ಸೀಳಿದ ಹಲಗೆಯನ್ನು ಬದಲಾಯಿಸುವ ಬಡಗಿಯೂ, ದಂಡವು ತಳವನ್ನು ಭೇದಿಸುವೆಡೆಯಲ್ಲಿ ನೀರನ್ನು ತಡೆಯುವ ಹುರಿಯನ್ನು ಮರಳಿ ಬಿಗಿಯುವ ಮೆಕ್ಯಾನಿಕನೂ ಆ ಅಂಗಳದವರೇ. ಒಡೆಯನ ಪಾತ್ರ ವಸಂತದಲ್ಲಿ ಬಿಲ್ಲನ್ನು ಸಲ್ಲಿಸುವುದಷ್ಟೆ. ಔಟ್‌ಬೋರ್ಡಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ನಾರ್ವೆಯಲ್ಲಿ ಜನಿಸಿ ಮಿಲ್‌ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡನು 1909ರಲ್ಲಿ ಮಾರುಕಟ್ಟೆಗೆ ತಂದ, ಒಂದೂವರೆ ಅಶ್ವಶಕ್ತಿಯ, 62 ಪೌಂಡು ತೂಕದ ಮೋಟಾರು, ಅವನ ಪತ್ನಿ ಬೆಸ್ಸಳ ಜಾಹೀರಾತಿನ ಜಾಣ್ಮೆಯಿಂದ ದೇಶದಾದ್ಯಂತ ಹರಡಿತು. ಅದನ್ನು ಎರಡು ತಿರುಪುಗಳನ್ನು ಸಡಿಲಿಸಿ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾಗಿದ್ದಿತು. ಮನೆಯ ಮೇಜಿನ ಮೇಲಾಗಲಿ ಊರಿನ ಯಾವ ಮೆಕ್ಯಾನಿಕನ ಮುಂದಾಗಲಿ ಇಟ್ಟು ಬಿಚ್ಚಬಹುದಾಗಿದ್ದಿತು. ಹೀಗೆ ಒಂದು ಪದ್ಧತಿಯಲ್ಲಿ ಯಂತ್ರವು ವರ್ಕ್‌ಷಾಪಿನಲ್ಲೇ ಇದ್ದುದರಿಂದಲೂ, ಮತ್ತೊಂದರಲ್ಲಿ ಅದು ಎಲ್ಲಿಗೆ ಬೇಕಾದರೂ ಹೋಗಬಲ್ಲದ್ದಾಗಿದ್ದುದರಿಂದಲೂ, ಯಾರು ದುರಸ್ತಿ ಮಾಡಬೇಕೆಂಬುದು ವಿವಾದದ ವಿಷಯವಾಗಲಿಲ್ಲ.

ಸ್ಟರ್ನ್‌ಡ್ರೈವಿನ ಚರಿತ್ರೆಯಲ್ಲಿ ಮೆರೆದ ಸಂಸ್ಥೆಗಳಲ್ಲೊಂದು ದುರಸ್ತಿಯ ಕೆಲಸದಿಂದಲೇ ಜನ್ಮ ತಳೆಯಿತೆಂಬುದನ್ನು ಇಲ್ಲಿ ನೆನೆಯಬೇಕು. ಕಾರ್ಲ್ ಕೀಕ್‌ಹೇಫರ್ ಎಂಬ ವಿಸ್ಕಾನ್ಸಿನ್ನಿನ ಎಂಜಿನಿಯರು 1939ರಲ್ಲಿ ಸೀಡರ್‌ಬರ್ಗಿನಲ್ಲಿ ದಿವಾಳಿಯಾಗಿದ್ದ ಔಟ್‌ಬೋರ್ಡ್ ಕಾರ್ಖಾನೆಯೊಂದನ್ನು ಕೊಂಡಾಗ, ಅವನ ಉದ್ದೇಶ ಹಾಲಿನ ಉದ್ಯಮಕ್ಕೆ ಬೇಕಾದ ಕಾಂತೀಯ ಶೋಧಕಗಳನ್ನು ತಯಾರಿಸುವುದಾಗಿದ್ದಿತು. ಆದರೆ ಕಾರ್ಖಾನೆಯೊಳಗೆ, ಮಾಂಟ್‌ಗೊಮರಿ ವಾರ್ಡ್ ಎಂಬ ಅಂಚೆ ವ್ಯಾಪಾರದ ಸಂಸ್ಥೆ ದೋಷಯುಕ್ತವೆಂದು ಹಿಂದಿರುಗಿಸಿದ ನೂರಾರು ಮೋಟಾರುಗಳು ರಾಶಿಬಿದ್ದಿದ್ದವು. ಕೈಗೆ ಹಣ ಬರಲೆಂದು ಅವನು ಅವುಗಳನ್ನು ಬಿಚ್ಚಿ, ತಿದ್ದಿ, ಮರಳಿ ಜೋಡಿಸಿ ಕಳುಹಿಸಲಾಗಿ, ಅವು ಎಷ್ಟು ಚೆನ್ನಾಗಿ ನಡೆದುವೆಂದರೆ ವಾರ್ಡಿನವರು ಇನ್ನಷ್ಟು ಬೇಕೆಂದು ಬರೆದರು. ಅವನು ತನ್ನ ಮೋಟಾರುಗಳಿಗಿಟ್ಟ ಮರ್ಕ್ಯುರಿ ಎಂಬ ಹೆಸರು ಜಗತ್ತಿನಲ್ಲಿ ಪ್ರಸಿದ್ಧವಾದುದು ಹೀಗೆ, ಪರರ ಯಂತ್ರಗಳ ದೋಷನಿವಾರಣೆಯಿಂದ.

ಅದೇ ಕೀಕ್‌ಹೇಫರನ ಬಳಿ ಕೆಲಸ ಮಾಡಿದ ಇಬ್ಬರು ಎಂಜಿನಿಯರುಗಳ ಹೆಸರು ಸ್ಟರ್ನ್‌ಡ್ರೈವಿನೊಡನೆ ಹೆಣೆದುಕೊಂಡಿದೆ. ಚಾರ್ಲ್ಸ್ ಸ್ಟ್ರಾಂಗನು ಒಳಗಿನ ಎಂಜಿನಿಗೆ ಔಟ್‌ಬೋರ್ಡಿನ ಕಾಲನ್ನು ಜೋಡಿಸುವ ಕಲ್ಪನೆಯನ್ನು ಒಡೆಯನ ಮುಂದಿಟ್ಟಾಗ ಅದು ಪುರಸ್ಕೃತವಾಗಲಿಲ್ಲ. ಅವನ ಮಿತ್ರನಾದ ಜಿಮ್ ವಿನ್ನನು ಆ ಸಂಸ್ಥೆಯನ್ನು ಬಿಟ್ಟ ಬಳಿಕ ಫ್ಲಾರಿಡಾದ ಗ್ಯಾರೇಜೊಂದರಲ್ಲಿ ಆ ಕಲ್ಪನೆಗೆ ಲೋಹರೂಪವನ್ನು ಕೊಟ್ಟು, ಸ್ವೀಡನ್ನಿನ ವೋಲ್ವೋ ಪೆಂಟಾ ಸಂಸ್ಥೆಯ ಮುಖ್ಯಸ್ಥನಾದ ಹರಾಲ್ಡ್ ವಿಕ್‌ಲುಂಡನಿಗೆ ಅದನ್ನು ತಲುಪಿಸಿದನು. 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ, ವೋಲ್ವೋ ಎಂಜಿನಿನಿಂದ 80 ಅಶ್ವಶಕ್ತಿಯನ್ನು ಪಡೆಯುವ ‘ಆಕ್ವಾಮ್ಯಾಟಿಕ್’ ಎಂಬ ಹೆಸರಿನಲ್ಲಿ ಅದು ಸಾರ್ವಜನಿಕರ ಕಣ್ಣಿಗೆ ಬಿದ್ದಿತು. ಅದರ ಯಶಸ್ಸನ್ನು ಕಂಡು ಕೀಕ್‌ಹೇಫರನು 1961ರ ಷಿಕಾಗೋ ಪ್ರದರ್ಶನದಲ್ಲಿ ಮರ್‌ಕ್ರೂಸರ್ ಎಂಬ ತನ್ನದೇ ಸ್ಟರ್ನ್‌ಡ್ರೈವನ್ನು ಪ್ರದರ್ಶಿಸಿದನು. ಅದೇ ವರ್ಷ ಅವನ ಸಂಸ್ಥೆ ಬ್ರನ್ಸ್‌ವಿಕ್ ಸಂಸ್ಥೆಯಲ್ಲಿ ವಿಲೀನವಾಯಿತು. ಎವಿನ್‌ರೂಡ್ ಮತ್ತು ಜಾನ್‌ಸನ್ ಮೋಟಾರುಗಳ ಒಡೆತನ ಹೊಂದಿದ್ದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್, ಎಂದರೆ ಓಎಂಸಿ, 1962ರಲ್ಲಿ ತನ್ನದೇ ರೀತಿಯ ಡ್ರೈವನ್ನು ತಂದಿತು. ಯಾರು ಮೊದಲು ಕಂಡುಹಿಡಿದವರೆಂಬ ವ್ಯಾಜ್ಯ ಬಹುಕಾಲ ನಡೆಯಿತು. ಸ್ಟ್ರಾಂಗನಂತೂ ಮುಂದೆ ಓಎಂಸಿಯ ಅಧ್ಯಕ್ಷಪದವಿಗೇ ಏರಿದನು.

ಈ ನೂತನ ಯಂತ್ರದ ರಚನೆಯನ್ನು ಕೊಂಚ ಸಾವಧಾನವಾಗಿ ನೋಡುವುದು ಅವಶ್ಯ. ಏಕೆಂದರೆ ಒಡೆಯನಿಗೂ ವರ್ಕ್‌ಷಾಪಿಗೂ ನಡುವಣ ಸಂಬಂಧವನ್ನು ಮಾರ್ಪಡಿಸಿದುದು ಆ ರಚನೆಯೇ. ಎಂಜಿನು ಒಳಗೆ, ಪ್ರೊಪೆಲರು ಹೊರಗೆ. ಇವೆರಡರ ನಡುವೆ ದೋಣಿಯ ಹಿಂಬದಿಯ ಹಲಗೆಯಲ್ಲಿ, ಬಹುಮಟ್ಟಿಗೆ ನೀರಿನ ಮಟ್ಟದಲ್ಲಿಯೇ, ದೊಡ್ಡದೊಂದು ರಂಧ್ರ. ಆ ರಂಧ್ರದ ಮೂಲಕ ಶಕ್ತಿಯನ್ನು ಸಾಗಿಸುವ ದಂಡವು ಡ್ರೈವು ಅತ್ತಿತ್ತ ತಿರುಗಿದಂತೆಲ್ಲ ಬಾಗಬೇಕಾದ್ದರಿಂದ, ಅದಕ್ಕೆ ಮೋಟಾರು ಲಾರಿಗಳಲ್ಲಿರುವಂತಹ ಅಡ್ಡಕೀಲುಗಳನ್ನು ಜೋಡಿಸಿ, ಗಿಂಬಲ್ ಬೇರಿಂಗ್ ಎಂಬ ಆಧಾರದ ಮೇಲೆ ತಿರುಗುವಂತೆ ಮಾಡಿದ್ದಾರೆ. ಆ ಕೀಲುಗಳನ್ನು ನೀರಿನಿಂದ ರಕ್ಷಿಸುವುದು ಕಮ್ಮಾರನ ತಿದಿಯಂತೆ ಮಡಿಕೆಮಡಿಕೆಯಾದ ಒಂದು ರಬ್ಬರಿನ ತೋಳು. ಹೊರಗೆ ಬಂದ ಶಕ್ತಿ ಮೇಲಿನ ಗೇರುಗಳಲ್ಲಿ ಲಂಬಕೋನದಲ್ಲಿ ಕೆಳಕ್ಕೆ ತಿರುಗಿ, ಉದ್ದವಾದ ನಿಲುದಂಡದಲ್ಲಿ ಇಳಿದು, ಕೆಳಗಿನ ಗೇರುಗಳಲ್ಲಿ ಮತ್ತೊಮ್ಮೆ ತಿರುಗಿ ಪ್ರೊಪೆಲರನ್ನು ಸೇರುತ್ತದೆ. ಇಷ್ಟೆಲ್ಲ ಯಂತ್ರಸಮುದಾಯವೂ ಅಲ್ಯುಮಿನಿಯಮ್ಮಿನ ಕವಚದೊಳಗೆ, ಎಣ್ಣೆಯಲ್ಲಿ ಮುಳುಗಿ, ಸದಾ ನೀರಿನ ಸಮೀಪದಲ್ಲಿ ಇರತಕ್ಕದ್ದು. ಬೆರಳುಗಾತ್ರದ ದಪ್ಪವೂ ಇಲ್ಲದ ಆ ರಬ್ಬರು ಬಿರಿದರೆ ಮೊದಲು ಬೇರಿಂಗು ತುಕ್ಕು ಹಿಡಿಯುತ್ತದೆ, ಆಮೇಲೆ ಕೀಲುಗಳು ಸವೆಯುತ್ತವೆ, ಕಟ್ಟಕಡೆಗೆ ದಡದಲ್ಲಿ ಕಟ್ಟಿಹಾಕಿದ್ದ ದೋಣಿಯೇ ಯಾರ ಕಣ್ಣಿಗೂ ಬೀಳದೆ ಮುಳುಗಿಹೋಗಬಹುದು. ಇನ್‌ಬೋರ್ಡಿನ ಸರಳತೆಯೂ ಔಟ್‌ಬೋರ್ಡಿನ ಸುಗಮತೆಯೂ ಇಲ್ಲಿಲ್ಲ. ಡ್ರೈವನ್ನು ವರ್ಕ್‌ಷಾಪಿಗೆ ಒಯ್ಯಬೇಕಾದರೆ ಸಾಮಾನ್ಯವಾಗಿ ದೋಣಿಯನ್ನೇ ಒಯ್ಯಬೇಕು. ದೋಣಿ ಮನೆಯಲ್ಲಿದ್ದರೆ ಡ್ರೈವೂ ಮನೆಯಲ್ಲೇ ಇರುತ್ತದೆ.

ದೋಣಿ ಮನೆಗೆ ಬಂದುದೇ ಆ ಯುಗದ ವಿಶೇಷ. ಯುದ್ಧಾನಂತರದ ಅಮೆರಿಕದಲ್ಲಿ ಗಾಜಿನ ನಾರಿನಿಂದ ಎರಕಹೊಯ್ದ ಹಗುರವಾದ ದೋಣಿಗಳು ಬಂದವು. ಅವುಗಳನ್ನು ಕಾರಿನ ಹಿಂದೆ ಎಳೆಯಲು ಟ್ರೇಲರುಗಳು ಬಂದವು. 1956ರ ಶಾಸನದಿಂದ ಅಂತರರಾಜ್ಯ ಹೆದ್ದಾರಿಗಳ ನಿರ್ಮಾಣ ಪ್ರಾರಂಭವಾಯಿತು. ನಗರದ ಅಂಚಿನ ಹೊಸ ಬಡಾವಣೆಗಳಲ್ಲಿ ಪ್ರತಿ ಮನೆಗೂ ಒಂದು ಗ್ಯಾರೇಜು, ಗ್ಯಾರೇಜಿನ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು. ಕ್ರಿಸ್‌ಕ್ರಾಫ್ಟಿನಂತಹ ಘನವಂತ ಸಂಸ್ಥೆಯೇ 1950ರಲ್ಲಿ ಹಲಗೆಗಳನ್ನು ಕತ್ತರಿಸಿ ಪೆಟ್ಟಿಗೆಯಲ್ಲಿ ಕಳುಹಿಸಿ, ಕೊಂಡವನೇ ಜೋಡಿಸಿಕೊಳ್ಳಲೆಂದು ದೋಣಿಗಳನ್ನು ಮಾರಲು ಹೊರಟಿತು. 1954ರ ಆಗಸ್ಟಿನಲ್ಲಿ ‘ಟೈಮ್’ ಪತ್ರಿಕೆ ತನ್ನ ಮುಖಪುಟವನ್ನೇ ಸ್ವಹಸ್ತಕಾರ್ಯದ ಈ ಹವ್ಯಾಸಕ್ಕೆ ಮೀಸಲಿಟ್ಟಿತು. 1902ರಿಂದ ಷಿಕಾಗೋದಿಂದ ಹೊರಡುತ್ತಿದ್ದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ನಂತಹ ಪತ್ರಿಕೆಗಳು ಎರಡು ತಲೆಮಾರುಗಳಿಂದ ಈ ಮನೋಧರ್ಮಕ್ಕೆ ಗೊಬ್ಬರವೆರೆಯುತ್ತಲೇ ಇದ್ದವು. ಇವೆಲ್ಲಕ್ಕಿಂತ ಮುಖ್ಯವಾದ ಕಾರಣವೊಂದುಂಟು. ಸ್ಟರ್ನ್‌ಡ್ರೈವಿನ ಒಳಗಿನ ಎಂಜಿನು ದೋಣಿಗೆಂದೇ ಹುಟ್ಟಿದ್ದಲ್ಲ. ಅದು ಬಹುಮಟ್ಟಿಗೆ ಷೆವರ್ಲೆಟ್ಟಿನದೋ ಫೋರ್ಡಿನದೋ ಕಾರಿನ ಎಂಜಿನೇ, ನೀರಿಗೆ ಹೊಂದುವಂತೆ ಮಾರ್ಪಡಿಸಿದ್ದು. ಹದಿಹರೆಯದಿಂದ ಕಾರಿನ ಬಾನೆಟ್ಟಿನಡಿ ತಲೆಯಿಟ್ಟು ಬೆಳೆದ ಅಮೆರಿಕದ ಯುವಕನಿಗೆ ದೋಣಿಯ ಮುಚ್ಚಳವನ್ನು ಎತ್ತಿದೊಡನೆ ಅರ್ಧ ಭಾಗ ಪರಿಚಿತವಾಗಿಯೇ ಕಾಣುತ್ತಿದ್ದಿತು. ಕಾರ್ಬ್ಯುರೇಟರು, ಡಿಸ್ಟ್ರಿಬ್ಯೂಟರು, ಸ್ಪಾರ್ಕ್ ಪ್ಲಗ್ಗು ಎಲ್ಲವೂ ಹಳೆಯ ಮಿತ್ರರು. ಇದನ್ನು ಬಲ್ಲವನು ಉಳಿದರ್ಧಕ್ಕೂ ಕೈಹಾಕುವುದು ಸ್ವಾಭಾವಿಕವೇ ಆಗಿದ್ದಿತು.

ಆ ಪರಿಚಯದಲ್ಲಿಯೇ ಅಪಾಯವೂ ಅಡಗಿದ್ದಿತು. ಕಾರಿನಲ್ಲಿ ಸೋರಿದ ಪೆಟ್ರೋಲಿನ ಆವಿ ಕೆಳಗಿನ ಬಯಲಿನಲ್ಲಿ ಚದುರಿಹೋಗುತ್ತದೆ. ದೋಣಿಯಲ್ಲಿ, ಗಾಳಿಗಿಂತ ಭಾರವಾದ ಆ ಆವಿ ತಳದ ಕುಳಿಯಲ್ಲಿ ಸಂಗ್ರಹವಾಗಿ, ಒಂದು ಕಿಡಿಗಾಗಿ ಕಾದು ಕುಳಿತಿರುತ್ತದೆ. ಆದಕಾರಣ ದೋಣಿಯ ಸ್ಟಾರ್ಟರು, ಆಲ್ಟರ್‌ನೇಟರು, ಡಿಸ್ಟ್ರಿಬ್ಯೂಟರುಗಳನ್ನು ಒಳಗಿನ ಕಿಡಿ ಹೊರಕ್ಕೆ ಹಾರದಂತೆ ಮುಚ್ಚಿ ನಿರ್ಮಿಸಿರುತ್ತಾರೆ. ಕಾರ್ಬ್ಯುರೇಟರಿನ ಬಾಯಿಗೆ ಜ್ವಾಲೆಯನ್ನು ತಡೆಯುವ ಜಾಲರಿಯನ್ನು ಹೊದಿಸಿರುತ್ತಾರೆ. ನೋಟಕ್ಕೆ ಕಾರಿನ ಬಿಡಿಭಾಗದಂತೆಯೇ ಇದ್ದು, ಬೆಲೆಯಲ್ಲಿ ಮಾತ್ರ ಬಹಳ ಹೆಚ್ಚಾಗಿರುವ ಈ ವಸ್ತುಗಳ ಬದಲು ಕಾರಿನ ಅಂಗಡಿಯಿಂದ ಅಗ್ಗದ್ದನ್ನು ತಂದು ತಿರುಪಿದವರು ತಮ್ಮ ಜಾಣತನಕ್ಕೆ ತೆತ್ತ ಬೆಲೆ ಅಗ್ನಿಯ ರೂಪದಲ್ಲಿ ಬಂದುದುಂಟು. 1954ರಲ್ಲಿ ಸ್ಥಾಪಿತವಾದ ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್ ಇಂತಹ ವಿಷಯಗಳಲ್ಲಿ ಸ್ವಯಂಪ್ರೇರಿತ ಮಾನದಂಡಗಳನ್ನು ರೂಪಿಸತೊಡಗಿತು. 1971ರ ಫೆಡರಲ್ ದೋಣಿ ಸುರಕ್ಷತಾ ಶಾಸನವೂ ಅದನ್ನನುಸರಿಸಿ ಬಂದ ನಿಯಮಗಳೂ ತಯಾರಕರ ಮೇಲೆ ಕಡ್ಡಾಯದ ಭಾರವನ್ನು ಹೊರಿಸಿದವು. ಒಡೆಯನ ಸ್ವಾತಂತ್ರ್ಯಕ್ಕೆ ಬಿದ್ದ ಮೊದಲನೆಯ ನ್ಯಾಯವಾದ ಎಲ್ಲೆ ಇದೇ ಎನ್ನಬಹುದು: ಕೆಲಸ ಯಾರ ಕೈಯಿಂದ ಆದರೂ ಆಗಲಿ, ವಸ್ತು ಮಾತ್ರ ದೋಣಿಯದೇ ಆಗಿರತಕ್ಕದ್ದು.

ಈ ಎಲ್ಲೆಯೊಳಗೆ ಕಾಲಕ್ರಮದಲ್ಲಿ ಒಂದು ಆಚಾರವೇ ಬೆಳೆದುಬಂದಿತು. ಶರತ್ಕಾಲದಲ್ಲಿ ಒಡೆಯನು ಡ್ರೈವಿನ ತಳದ ತಿರುಪನ್ನು ಸಡಿಲಿಸಿ ಗೇರಿನ ಎಣ್ಣೆಯನ್ನು ಪಾತ್ರೆಗೆ ಬಸಿಯುತ್ತಾನೆ. ಎಣ್ಣೆ ಶುಭ್ರವಾಗಿದ್ದರೆ ಸಮಾಧಾನ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಯಾವುದೋ ಸೀಲಿನ ಮೂಲಕ ನೀರು ನುಸುಳಿದೆಯೆಂದು ಅರ್ಥ, ಆ ನೀರು ಒಳಗೇ ಹೆಪ್ಪುಗಟ್ಟಿದರೆ ಕವಚವೇ ಬಿರಿಯುತ್ತದೆ. ತಿರುಪಿನ ತುದಿಯ ಅಯಸ್ಕಾಂತಕ್ಕೆ ಲೋಹದ ಚೂರುಗಳು ಅಂಟಿದ್ದರೆ ಗೇರುಗಳಿಗೆ ಕೇಡು ಬಂದಿದೆಯೆಂದು ಅರ್ಥ. ಬಳಿಕ ಡ್ರೈವನ್ನೇ ಕಳಚಬೇಕು. ಮರ್‌ಕ್ರೂಸರಿನಲ್ಲಿ ಅದು ಆರು ನಟ್ಟುಗಳ ಮೇಲೆ ನಿಂತಿದೆ. ಆದರೆ ಒಬ್ಬನೇ ಎತ್ತಲಾರದಷ್ಟು ಭಾರವಾದ್ದರಿಂದ ನೆರೆಯವನನ್ನೋ ಎತ್ತುವ ಮರದ ಚೌಕಟ್ಟನ್ನೋ ಆಶ್ರಯಿಸುವುದು ರೂಢಿ. ಕಳಚಿದ ಮೇಲೆ ರಬ್ಬರಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ಬಿರುಕುಗಳನ್ನು ಹುಡುಕುವುದು. ಗಿಂಬಲ್ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ಅದರ ಗರಗರ ಸದ್ದಿಗೆ ಕಿವಿಗೊಡುವುದು. ಕೀಲುಗಳಿಗೆ ಗ್ರೀಸು ತುಂಬುವುದು. ನೀರೆತ್ತುವ ಪಂಪಿನ ರಬ್ಬರಿನ ಚಕ್ರವನ್ನು ಬದಲಾಯಿಸುವುದು. ಅಲ್ಯುಮಿನಿಯಮ್ಮಿನ ಕವಚಕ್ಕೆ ಬದಲಾಗಿ ತಾವೇ ಸವೆದುಹೋಗಲೆಂದು ಜೋಡಿಸಿರುವ ಬಲಿಲೋಹದ ತುಂಡುಗಳನ್ನು ಪರೀಕ್ಷಿಸುವುದು. ಆ ತುಂಡುಗಳು ಸಿಹಿನೀರಿನಲ್ಲಿ ಮೆಗ್ನೀಷಿಯಮ್ಮಿನವೂ, ಉಪ್ಪುನೀರಿನಲ್ಲಿ ಸತುವಿನವೋ ಅಲ್ಯುಮಿನಿಯಮ್ ಮಿಶ್ರಲೋಹದವೋ ಆಗಿರಬೇಕೆಂಬುದು ಫ್ಲಾರಿಡಾದಿಂದ ಮಿನೆಸೋಟಕ್ಕೆ ದೋಣಿಯನ್ನು ಕೊಂಡೊಯ್ದವರು ಬೇಗ ಕಲಿಯುವ ಪಾಠ. ಕೊನೆಯದಾಗಿ, ಉದ್ದನೆಯ ಉಕ್ಕಿನ ಸಲಾಕೆಯೊಂದನ್ನು ಬೇರಿಂಗಿನ ಮೂಲಕ ಎಂಜಿನಿನ ಹಲ್ಲುಗಳವರೆಗೆ ತೂರಿಸಿ ನೋಡುತ್ತಾರೆ. ಅದು ಎರಡು ಬೆರಳಿನ ಬಲದಿಂದಲೇ ಸರಾಗವಾಗಿ ಒಳಹೊರಗೆ ಸರಿದರೆ ಎಂಜಿನೂ ಡ್ರೈವೂ ಒಂದೇ ರೇಖೆಯಲ್ಲಿವೆ; ಇಲ್ಲವಾದರೆ ಎಂಜಿನಿನ ಮುಂದಿನ ಆಧಾರವನ್ನು ಏರಿಸಿಯೋ ಇಳಿಸಿಯೋ ಸರಿಪಡಿಸಬೇಕು. ಇದನ್ನು ಅಲಕ್ಷಿಸಿದವನ ಬೇರಿಂಗು ಮುಂದಿನ ಬೇಸಗೆಯಲ್ಲೇ ಹಾಳಾಗುತ್ತದೆ.

ಇಲ್ಲಿಗೆ ಒಡೆಯನ ಸೀಮೆ ಮುಗಿದು ವರ್ಕ್‌ಷಾಪಿನ ಸೀಮೆ ಆರಂಭವಾಗುತ್ತದೆಂಬುದು ಹೆಚ್ಚು ಕಡಮೆ ಸರ್ವಸಮ್ಮತ. ಗೇರುಗಳನ್ನು ಕವಚದೊಳಗೆ ಕೂರಿಸುವುದು ಸ್ಪ್ಯಾನರಿನ ಕೆಲಸವಲ್ಲ, ಅಳತೆಯ ಕೆಲಸ. ಎರಡು ಗೇರುಗಳ ಹಲ್ಲುಗಳ ನಡುವೆ ಇರಬೇಕಾದ ಅತ್ಯಲ್ಪ ಸಡಿಲವನ್ನು ಡಯಲ್ ಮಾಪಕದಿಂದ ಅಳೆದು, ಬೇರಿಂಗುಗಳ ಮೇಲಿನ ಬಿಗಿತವನ್ನು ಸೂಕ್ಷ್ಮವಾದ ಟಾರ್ಕ್ ಸ್ಪ್ಯಾನರಿನಿಂದ ನಿರ್ಧರಿಸಿ, ಕೂದಲೆಳೆಯಷ್ಟು ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸುತ್ತ ತೆಗೆಯುತ್ತ, ಅಳತೆ ಒಪ್ಪುವವರೆಗೂ ಕವಚವನ್ನು ಮತ್ತೆ ಮತ್ತೆ ಬಿಚ್ಚಿ ಜೋಡಿಸಬೇಕು. ಇದಕ್ಕೆ ಬೇಕಾದ ವಿಶೇಷ ಉಪಕರಣಗಳನ್ನು ತಯಾರಕರು ತಮ್ಮ ಅಧಿಕೃತ ವ್ಯಾಪಾರಿಗಳಿಗೆಂದೇ ನಿರ್ಮಿಸುತ್ತಿದ್ದರು. ವರ್ಷಕ್ಕೆ ಹತ್ತಾರು ಡ್ರೈವುಗಳನ್ನು ಬಿಚ್ಚುವ ವರ್ಕ್‌ಷಾಪಿಗೆ ಅವುಗಳ ಬೆಲೆ ನಿಭಾಯಿಸಬಹುದಾದದ್ದು, ಜೀವಮಾನದಲ್ಲಿ ಒಮ್ಮೆ ಬಿಚ್ಚುವ ಗೃಹಸ್ಥನಿಗೆ ಅಲ್ಲ. ಹಣದ ವಾದವನ್ನು ಮುಂದುಮಾಡುವವರು ಮರೆಯುವುದು ಇದನ್ನೇ. ರಬ್ಬರಿನ ತೋಳನ್ನು ಬದಲಾಯಿಸುವುದರಲ್ಲಿ ತೆರುವ ಹಣದ ಬಹುಭಾಗ ಮೆಕ್ಯಾನಿಕನ ಗಂಟೆಗಳಿಗೆ ಸಲ್ಲುವುದರಿಂದ ಅಲ್ಲಿ ಸ್ವಹಸ್ತದ ಉಳಿತಾಯ ದೊಡ್ಡದು. ಗೇರುಗಳ ವಿಷಯದಲ್ಲಾದರೋ ಒಂದು ತಪ್ಪು ಅಳತೆಯಿಂದ ಹೊಸ ಗೇರುಗಳ ಜೋಡಿಯೇ ನಷ್ಟವಾಗುವುದರಿಂದ, ಉಳಿತಾಯದ ಹೆಸರಿನಲ್ಲಿ ಎರಡು ಬಾರಿ ತೆತ್ತಂತಾಗುತ್ತದೆ.

ಪಂಚಾಂಗದ ಪ್ರಭಾವ ಇದಕ್ಕಿಂತ ಕಡಮೆಯದಲ್ಲ. ಉತ್ತರದ ವರ್ಕ್‌ಷಾಪುಗಳ ವರ್ಷ ಎರಡು ಪ್ರವಾಹಗಳಲ್ಲಿ ಕೊಚ್ಚಿಹೋಗುತ್ತದೆ: ಮೊದಲ ಹಿಮಕ್ಕೆ ಮುನ್ನ ಎಲ್ಲ ದೋಣಿಗಳೂ ಒಮ್ಮೆಗೇ ಬರುತ್ತವೆ, ವಸಂತದ ಬಿಸಿಲು ಕಂಡೊಡನೆ ಎಲ್ಲ ಒಡೆಯರೂ ಒಮ್ಮೆಗೇ ಅವಸರಪಡುತ್ತಾರೆ. ನಡುಬೇಸಗೆಯಲ್ಲಿ ಡ್ರೈವು ಕೆಟ್ಟವನು ಸರದಿಯಲ್ಲಿ ಕಾದು ಕುಳಿತರೆ, ಹದಿನಾಲ್ಕು ಹದಿನೈದು ವಾರಗಳ ಋತುವಿನಲ್ಲಿ ಒಂದು ದೊಡ್ಡ ಭಾಗ ಅಂಗಳದಲ್ಲಿಯೇ ಕಳೆಯುತ್ತದೆ. ಅಂಥವನು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವುದು ಹಣವನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ಬೇಸಗೆಯನ್ನು ಉಳಿಸುವುದಕ್ಕೆ. ಇದಕ್ಕೆ ಪ್ರತಿಯಾಗಿ ವರ್ಕ್‌ಷಾಪಿನವನ ಕಷ್ಟವನ್ನೂ ಅರಿಯಬೇಕು. ನುರಿತ ಮೆಕ್ಯಾನಿಕನಿಗೆ ಅವನು ಹನ್ನೆರಡು ತಿಂಗಳೂ ಸಂಬಳ ಕೊಡಬೇಕು, ಸಂಪಾದನೆಯಾದರೋ ಕೆಲವೇ ತಿಂಗಳು. ಚಳಿಗಾಲದ ನಿರುದ್ಯೋಗದ ಭಾರ ಬೇಸಗೆಯ ಗಂಟೆಯ ದರದ ಮೇಲೆ ಬೀಳದೆ ಎಲ್ಲಿಗೆ ಹೋದೀತು? ಬಹಳಷ್ಟು ಅಂಗಳಗಳಲ್ಲಿ ವಿಮೆಯ ಮತ್ತು ಜಲಮಾಲಿನ್ಯದ ನಿಯಮಗಳ ಕಾರಣದಿಂದ ಹೊರಗಿನವರು ತಮ್ಮ ದೋಣಿಗೆ ತಾವೇ ಕೈಹಾಕದಂತೆ ನಿಷೇಧವುಂಟು. ಅಂತಹೆಡೆ ದೋಣಿಯನ್ನು ಇರಿಸಿಕೊಂಡವನಿಗೆ ಪ್ರಶ್ನೆಯೇ ಇಲ್ಲ. ಟ್ರೇಲರಿನ ಮೇಲೆ ಮನೆಗೆ ತಂದವನಿಗೆ ಮಾತ್ರ ಸ್ವಾತಂತ್ರ್ಯ.

ಮೂರನೆಯದು ಜ್ಞಾನದ ವಿಚಾರ. ತಯಾರಕರು ತಮ್ಮ ದುರಸ್ತಿಯ ಕೈಪಿಡಿಗಳನ್ನು ಮೊದಮೊದಲು ವ್ಯಾಪಾರಿಗಳಿಗೆಂದೇ ಮುದ್ರಿಸಿದರು. ಆ ಅವಕಾಶವನ್ನು ಕಂಡು ಸ್ವತಂತ್ರ ಪ್ರಕಾಶಕರು ಮುಂದೆ ಬಂದರು. ಲಾಸ್ ಏಂಜಲಿಸಿನಲ್ಲಿ ಮೋಟಾರು ಸಾಹಿತ್ಯದ ಪ್ರಕಾಶಕನಾಗಿದ್ದ ಫ್ಲಾಯ್ಡ್ ಕ್ಲೈಮರನ ಹೆಸರನ್ನು ಹೊತ್ತ ಕೈಪಿಡಿಗಳೂ, ಸೆಲಾಕ್ ಎಂಬ ಮಾಲಿಕೆಯ ಕೈಪಿಡಿಗಳೂ, ಒಂದೊಂದು ನಟ್ಟನ್ನು ಬಿಚ್ಚುವ ಕ್ರಮವನ್ನೂ ಛಾಯಾಚಿತ್ರಗಳೊಡನೆ ವಿವರಿಸಿ, ಗ್ಯಾರೇಜಿನ ಎಣ್ಣೆಯ ಕಲೆಗಳನ್ನು ಹೊತ್ತ ಗ್ರಂಥಗಳಾಗಿ ಮನೆಮನೆಯಲ್ಲಿ ನೆಲೆಸಿದವು. 1975ರಲ್ಲಿ ಜಾರಿಗೆ ಬಂದ ಮ್ಯಾಗ್ನುಸನ್-ಮಾಸ್ ವಾರಂಟಿ ಶಾಸನ ಇನ್ನೊಂದು ಬಾಗಿಲನ್ನು ತೆರೆಯಿತು: ಉಚಿತವಾಗಿ ಒದಗಿಸದ ಹೊರತು, ತಮ್ಮದೇ ಬಿಡಿಭಾಗವನ್ನೋ ತಮ್ಮದೇ ವರ್ಕ್‌ಷಾಪನ್ನೋ ಬಳಸಿದರೆ ಮಾತ್ರ ವಾರಂಟಿ ಊರ್ಜಿತವೆಂದು ಸಾಮಾನ್ಯವಾಗಿ ತಯಾರಕರು ಷರತ್ತು ವಿಧಿಸುವಂತಿಲ್ಲ ಎಂದಾಯಿತು. ಮನೆಯಲ್ಲಿ ಎಣ್ಣೆ ಬದಲಾಯಿಸಿದವನು ಅದೊಂದೇ ಕಾರಣದಿಂದ ತನ್ನ ಹಕ್ಕನ್ನು ಕಳೆದುಕೊಳ್ಳುವ ಭಯ ಇದರಿಂದ ನೀಗಿತು.

ಈ ಜ್ಞಾನದ ಬೆಲೆ ಎಷ್ಟೆಂಬುದು ಅತ್ಯಂತ ಸ್ಪಷ್ಟವಾಗಿ ತಿಳಿದುದು ಓಎಂಸಿಯ ಪತನದಲ್ಲಿ. ಅದರ ಮೊದಲ ಡ್ರೈವುಗಳು ಇತರರವಕ್ಕಿಂತ ವಿಲಕ್ಷಣವಾಗಿದ್ದವು. ಯಂತ್ರಭಾರವನ್ನು ಹಿಂಬದಿಯ ಹಲಗೆಯ ಮೇಲೆ ಹೊರಿಸದೆ ದೋಣಿಯ ತಳದ ಉದ್ದ ತೊಲೆಗಳ ಮೇಲೆ ಹೊರಿಸಿ, ಹಲಗೆಯ ರಂಧ್ರವನ್ನು ದೊಡ್ಡದೊಂದು ರಬ್ಬರಿನ ಹೊದಿಕೆಯಿಂದ ಮುಚ್ಚಿ, ಗೇರು ಬದಲಾಯಿಸುವ ಕೆಲಸವನ್ನು ಎಣ್ಣೆಯಲ್ಲಿ ಮುಳುಗಿದ ವಿದ್ಯುತ್ ಸುರುಳಿಗಳಿಗೆ ಒಪ್ಪಿಸಿದ ಆ ರಚನೆ ಬುದ್ಧಿವಂತಿಕೆಯದೇ. ಆದರೆ ಕೆಟ್ಟಾಗ ಅದನ್ನು ತಿದ್ದಬಲ್ಲವರು ವಿರಳ. 1986ರಲ್ಲಿ ಅದಕ್ಕೆ ಬದಲಾಗಿ ಕೋಬ್ರಾ ಎಂಬ ಡ್ರೈವು ಬಂದಿತು. 1993ರಲ್ಲಿ ಓಎಂಸಿ ಈ ವ್ಯವಹಾರವನ್ನು ವೋಲ್ವೋ ಪೆಂಟಾದೊಡನೆ ಜಂಟಿಯಾಗಿ ನಡೆಸಲು ಒಪ್ಪಿತು. 2000ದ ಡಿಸೆಂಬರಿನಲ್ಲಿ ಸಂಸ್ಥೆಯೇ ದಿವಾಳಿಯಾಯಿತು. ಹಳೆಯ ಓಎಂಸಿ ಡ್ರೈವನ್ನು ಹೊತ್ತ ದೋಣಿಯನ್ನು ಮುಟ್ಟಲೊಲ್ಲೆವೆನ್ನುವ ವರ್ಕ್‌ಷಾಪುಗಳು ಹೆಚ್ಚಿದವು. ಅದು ನಿರ್ದಯತೆಯೆಂದಲ್ಲ, ಬಿಡಿಭಾಗಕ್ಕಾಗಿ ಅಲೆದ ಗಂಟೆಗಳಿಗೆ ಯಾವ ಗಿರಾಕಿಯೂ ಹಣ ಕೊಡನಷ್ಟೆ. ಆಗ ಆ ಯಂತ್ರಗಳ ಸಂಪೂರ್ಣ ಭಾರ ಒಡೆಯರ ಕೈಗೇ ಬಿದ್ದಿತು. ಹಳೆಯ ಕೈಪಿಡಿಯೊಂದು, ಗುಜರಿಯ ಅಂಗಳದಲ್ಲಿ ಬಿದ್ದಿರುವ ದೋಣಿಯಿಂದ ಬಿಚ್ಚಿ ತಂದ ಭಾಗಗಳು, ಸಿಯೆರಾದಂತಹ ಅನ್ಯ ತಯಾರಕರು ಮಾಡುವ ರಬ್ಬರು ಬೇರಿಂಗುಗಳು, ಇವುಗಳ ಬಲದಿಂದ ಒಂದು ದಿವಂಗತ ಸಂಸ್ಥೆಯ ಯಂತ್ರಗಳನ್ನು ಇಂದಿಗೂ ನೀರಿನ ಮೇಲೆ ನಡೆಸುತ್ತಿರುವವರುಂಟು. ಹಣ ಕೊಡಲು ಸಿದ್ಧನಿದ್ದರೂ ತೆಗೆದುಕೊಳ್ಳುವವನಿಲ್ಲದ ಸ್ಥಿತಿಯಲ್ಲಿ, ಸ್ವಹಸ್ತವ್ಯಾಪಾರ ಹವ್ಯಾಸವಾಗಿ ಉಳಿಯುವುದಿಲ್ಲ, ಅದೊಂದೇ ಮಾರ್ಗವಾಗುತ್ತದೆ.

ಇತ್ತೀಚಿನ ದಶಕಗಳಲ್ಲಿ ಮೇರೆ ಮತ್ತೆ ಸರಿದಿದೆ. ಕಾರ್ಬ್ಯುರೇಟರಿನ ಸ್ಥಾನದಲ್ಲಿ ಗಣಕನಿಯಂತ್ರಿತ ಇಂಧನ ಸಿಂಚನ ಬಂದಿತು. ಪರಿಸರ ಸಂರಕ್ಷಣಾ ಇಲಾಖೆ 2008ರಲ್ಲಿ ಹೊರಡಿಸಿದ ನಿಯಮದ ಪ್ರಕಾರ 2010ರ ಮಾದರಿಗಳಿಂದ ಮೊದಲ್ಗೊಂಡು ಪೆಟ್ರೋಲಿನ ಸ್ಟರ್ನ್‌ಡ್ರೈವುಗಳು ಹೊಗೆಯನ್ನು ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರುಗಳನ್ನು ಧರಿಸಲಾರಂಭಿಸಿದವು. ದೋಷವೀಗ ಎಣ್ಣೆಯ ಬಣ್ಣದಲ್ಲಿ ಮಾತ್ರವಲ್ಲ, ಗಣಕದ ಸಂಕೇತಗಳಲ್ಲಿಯೂ ಪ್ರಕಟವಾಗುತ್ತದೆ, ಅದನ್ನು ಓದುವ ಉಪಕರಣ ಎಲ್ಲರ ಬಳಿ ಇರುವುದಿಲ್ಲ. ದುರಸ್ತಿಯ ಹಕ್ಕಿಗಾಗಿ ನಡೆದ ಹೋರಾಟದ ಫಲವಾಗಿ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲಿ ಕಾರುಗಳ ಮಟ್ಟಿಗೆ ಶಾಸನ ಮಾಡಿತು. ಫೆಡರಲ್ ವ್ಯಾಪಾರ ಆಯೋಗ 2021ರಲ್ಲಿ ಕಾಂಗ್ರೆಸ್ಸಿಗೆ ಒಪ್ಪಿಸಿದ ವರದಿಯಲ್ಲಿ, ದುರಸ್ತಿಗೆ ತಯಾರಕರು ಒಡ್ಡುವ ನಿರ್ಬಂಧಗಳನ್ನು ಸಮರ್ಥಿಸುವ ಸಾಕ್ಷ್ಯ ಅತ್ಯಲ್ಪವೆಂದು ಹೇಳಿತು. ಈ ನಡುವೆ ಬಲಿಷ್ಠವಾದ ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡುಗಳು ಬಂದು ಸ್ಟರ್ನ್‌ಡ್ರೈವಿನ ಮಾರುಕಟ್ಟೆಯನ್ನು ಬಹುವಾಗಿ ಕಸಿದುಕೊಂಡಿವೆ; ಹಿಂಬದಿಯ ಹಲಗೆಯಲ್ಲಿ ರಂಧ್ರವೂ ಬೇಡ, ರಬ್ಬರಿನ ತೋಳೂ ಬೇಡ ಎಂಬುದು ಅವುಗಳ ಆಕರ್ಷಣೆಗಳಲ್ಲೊಂದು. ಇದರಿಂದ ಹಳೆಯ ಡ್ರೈವುಗಳ ಒಡೆಯರ ಪಾಡು ಕ್ರಮೇಣ ಓಎಂಸಿ ಒಡೆಯರ ಪಾಡನ್ನೇ ಹೋಲುವ ಸಂಭವವುಂಟು.

ಹೀಗಿರಲಾಗಿ, ಸ್ವಹಸ್ತವೋ ವರ್ಕ್‌ಷಾಪೋ ಎಂಬ ಪ್ರಶ್ನೆಗೆ ಈ ಚರಿತ್ರೆ ಕೊಡುವ ಉತ್ತರ ಒಂದು ಪಕ್ಷದ್ದಲ್ಲ. ಪ್ರತಿವರ್ಷ ಡ್ರೈವನ್ನು ಕಳಚಿ ನೋಡುವ ಒಡೆಯನೇ ಮೆಕ್ಯಾನಿಕನ ಬಳಿಗೆ ಹೋದಾಗ ಏನಾಗಿದೆಯೆಂದು ಹೇಳಬಲ್ಲ ಗಿರಾಕಿಯೂ ಆಗುತ್ತಾನೆ. ಗೇರುಗಳನ್ನು ಅಳೆಯಬಲ್ಲ ಮೆಕ್ಯಾನಿಕನೂ ರಬ್ಬರಿನ ಮಡಿಕೆಯನ್ನು ಪರೀಕ್ಷಿಸುವ ಕೆಲಸವನ್ನು ಒಡೆಯನಿಗೆ ಕಲಿಸಿಕೊಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಈ ವಿಭಜನೆ ನ್ಯಾಯವಾಗಿ ನಡೆಯಬೇಕಾದರೆ ಒಂದು ನಿಬಂಧನೆಯುಂಟು. ವರ್ಕ್‌ಷಾಪುಗಳು ಮುಚ್ಚುತ್ತವೆ, ಸಂಸ್ಥೆಗಳು ದಿವಾಳಿಯಾಗುತ್ತವೆ, ಯಂತ್ರ ಮಾತ್ರ ಇನ್ನೂ ಮೂವತ್ತು ವರ್ಷ ನೀರಿನ ಮೇಲೆ ಇರುತ್ತದೆ. ಆದ್ದರಿಂದ ಅದನ್ನು ಮಾರುವವನು ಅದರ ದುರಸ್ತಿಯ ಕೈಪಿಡಿಯನ್ನೂ, ಅದರ ಗಣಕದ ಸಂಕೇತಗಳನ್ನು ಓದುವ ವಿಧಾನವನ್ನೂ ಕೊಂಡವನ ಕೈಗೆ ಒಪ್ಪಿಸಬೇಕೆಂದು ಶಾಸನವೇ ವಿಧಿಸತಕ್ಕದ್ದು. ಆ ಪುಸ್ತಕವನ್ನು ಓದಿ ತಾನೇ ಸ್ಪ್ಯಾನರು ಹಿಡಿಯುವುದೋ, ಅದನ್ನು ಕಪಾಟಿನಲ್ಲಿಟ್ಟು ಮೆಕ್ಯಾನಿಕನಿಗೆ ಹೇಳಿಕಳುಹಿಸುವುದೋ ಎಂಬುದನ್ನು ಆಮೇಲೆ ಒಡೆಯನು ತನ್ನ ಬಿಡುವನ್ನೂ ಕೈಯ ಪಳಗಿಕೆಯನ್ನೂ ನೋಡಿಕೊಂಡು ನಿಶ್ಚಯಿಸಿಕೊಳ್ಳಲಿ.